ಗೀಸರ್ ಚೆನ್ನಾಗಿರುವಾಗಲೇ ಬಿಚ್ಚಿ ನೋಡಿ: ಮನೆಯ ವಾಟರ್ ಹೀಟರ್ ನೋಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಗೀಸರ್‌ನಲ್ಲಿ ಕೆಡುವ ಭಾಗಗಳು ತುಂಬಾ ಏನಿಲ್ಲ. ಕಾಯಿಲ್ ಸುಟ್ಟರೆ ಹೊಸ ಕಾಯಿಲ್ ಹಾಕಬಹುದು. ನೀರು ಬೇಕಾದಷ್ಟು ಬಿಸಿಯಾದ ಮೇಲೆ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟ್ ಹೋದರೆ ಅದನ್ನೂ ಬದಲಾಯಿಸಬಹುದು. ಜೋಡಣೆಯಲ್ಲಿ ನೀರು ಸೋರದಂತೆ ಕೂರಿಸುವ ರಬ್ಬರ್ ಗ್ಯಾಸ್ಕೆಟ್, ವಾಲ್ವ್, ವೈರು, ಇಂಡಿಕೇಟರ್ ದೀಪ, ಎಲ್ಲಕ್ಕೂ ಬದಲಿ ಸಿಗುತ್ತದೆ. ಬದಲಿ ಇಲ್ಲದ್ದು ಒಂದೇ, ಒಳಗಿನ ಟ್ಯಾಂಕ್. ಅದು ತುಕ್ಕು ಹಿಡಿದು ತೂತಾಯಿತು ಅಂದರೆ ಗೀಸರ್ ಕಥೆ ಮುಗಿದ ಹಾಗೆ. ಬೆಸುಗೆ ಹಾಕಿಸಿದರೆ ಒಳಗಿನ ಲೇಪ ಸುಟ್ಟುಹೋಗುತ್ತದೆ, ಸ್ವಲ್ಪ ದಿನದಲ್ಲಿ ಪಕ್ಕದಲ್ಲೇ ಇನ್ನೊಂದು ತೂತು ಬೀಳುತ್ತದೆ.

ಹಾಗಾಗಿ ಗೀಸರ್ ನೋಡಿಕೊಳ್ಳುವುದು ಅಂದರೆ ಹೆಚ್ಚುಪಾಲು ಆ ಟ್ಯಾಂಕನ್ನು ಕಾಯುವುದೇ. ಇದರಲ್ಲಿ ಒಂದು ತೊಡಕಿದೆ. ಟ್ಯಾಂಕ್ ಹಾಳಾಗುತ್ತಿರುವುದು ಹೊರಗಿನಿಂದ ಗೊತ್ತೇ ಆಗುವುದಿಲ್ಲ. ನೀರು ಎಂದಿನಂತೆ ಬಿಸಿಯಾಗುತ್ತದೆ, ದೀಪ ಎಂದಿನಂತೆ ಹತ್ತಿ ಆರುತ್ತದೆ. ಕೆಳಗೆ ತೊಟ್ಟಿಕ್ಕಲು ಶುರುವಾದಾಗ ಗೊತ್ತಾಗುತ್ತದೆ, ಆಗ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಅದಕ್ಕೇ ಗೀಸರನ್ನು ಚೆನ್ನಾಗಿ ಓಡುತ್ತಿರುವಾಗಲೇ ಬಿಚ್ಚಿ ನೋಡಬೇಕು ಅನ್ನುವುದು.

ಇಲ್ಲಿ ಮುಖ್ಯವಾಗಿ ಹೇಳುತ್ತಿರುವುದು ಗೋಡೆಗೆ ಹಾಕುವ, ಹತ್ತರಿಂದ ಐವತ್ತು ಲೀಟರ್ ನೀರು ಹಿಡಿಯುವ ಕರೆಂಟಿನ ಗೀಸರ್ ಬಗ್ಗೆ. ನೆಲದ ಮೇಲೆ ನಿಲ್ಲುವ ದೊಡ್ಡ ಟ್ಯಾಂಕ್, ಗ್ಯಾಸ್ ಗೀಸರ್, ಸೋಲಾರ್ ಬಗ್ಗೆಯೂ ಬೇಕಾದಷ್ಟು ಬರುತ್ತದೆ.

ಒಳಗೆ ಏನಿದೆ

ಹೊರಗಿನ ಕವಚಕ್ಕೂ ಒಳಗಿನ ಟ್ಯಾಂಕಿಗೂ ನಡುವೆ ಶಾಖ ತಡೆಯುವ ಫೋಮ್ ತುಂಬಿರುತ್ತದೆ. ಟ್ಯಾಂಕಿನ ಕೆಳಗೆ ಎರಡು ಪೈಪು. ತಣ್ಣೀರು ಬರುವ ಪೈಪು ಟ್ಯಾಂಕಿನ ತಳದಲ್ಲೇ ನಿಲ್ಲುತ್ತದೆ. ಬಿಸಿನೀರು ಹೋಗುವ ಪೈಪು ಟ್ಯಾಂಕಿನ ಒಳಗೆ ಉದ್ದಕ್ಕೆ ಏರಿ ಮೇಲ್ಭಾಗದ ಹತ್ತಿರ ಬಾಯಿ ತೆರೆದಿರುತ್ತದೆ. ಬಿಸಿನೀರು ಹಗುರ, ಮೇಲೇರಿ ನಿಲ್ಲುತ್ತದೆ, ಅಲ್ಲಿಂದಲೇ ಹೊರಗೆ ಹೋಗುತ್ತದೆ. ನೀವು ನಲ್ಲಿ ತಿರುಗಿಸಿದಾಗ ಕೆಳಗಿನಿಂದ ಬರುವ ತಣ್ಣೀರು ಬಿಸಿನೀರನ್ನು ಮೇಲಕ್ಕೆ ತಳ್ಳುತ್ತದೆ. ಈ ಎರಡು ಪೈಪಿನ ಲೆಕ್ಕ ನೆನಪಿಟ್ಟುಕೊಳ್ಳಿ, ಟ್ಯಾಂಕ್ ಖಾಲಿ ಮಾಡುವಾಗ ಬೇಕಾಗುತ್ತದೆ.

ತಳದಲ್ಲಿ ಮುಚ್ಚಳದ ಹಾಗೆ ಒಂದು ದುಂಡನೆಯ ಲೋಹದ ತಟ್ಟೆ, ಅಂದರೆ ಫ್ಲ್ಯಾಂಜ್, ಇರುತ್ತದೆ, ನಟ್ಟು ಬೋಲ್ಟು ಹಾಕಿ ಬಿಗಿದಿರುತ್ತಾರೆ. ಹೆಚ್ಚಿನ ಮಾಡೆಲ್‌ಗಳಲ್ಲಿ ಕಾಯಿಲ್, ಥರ್ಮೋಸ್ಟಾಟ್ ಕೂರುವ ಕೊಳವೆ, ಆನೋಡ್ ರಾಡ್ ಮೂರೂ ಇದರಲ್ಲೇ ಇರುತ್ತವೆ. ನೀರು ಅತಿಯಾಗಿ ಕಾದರೆ ಕರೆಂಟ್ ಕಡಿಯುವ ಕಟೌಟ್ ಬೇರೆ ಇರುತ್ತದೆ. ತಣ್ಣೀರಿನ ಪೈಪಿಗೆ, ಒತ್ತಡ ಮೀರಿದರೆ ನೀರು ಹೊರಬಿಡುವ ಸೇಫ್ಟಿ ವಾಲ್ವ್ ಹಾಕಿರುತ್ತಾರೆ, ಅಥವಾ ಹಾಕಿರಬೇಕು.

ಆನೋಡ್ ರಾಡ್ ಹೆಸರನ್ನೇ ಕೇಳದವರು ಬಹಳ ಮಂದಿ. ಆದರೆ ಟ್ಯಾಂಕನ್ನು ಉಳಿಸುವುದು ಅದೇ. ಕಬ್ಬಿಣದ ಟ್ಯಾಂಕಿನ ಒಳಮೈಗೆ ಗಾಜಿನಂಥ ಲೇಪ ಕೊಟ್ಟಿರುತ್ತಾರೆ. ಆ ಲೇಪದಲ್ಲಿ ಅಲ್ಲಲ್ಲಿ, ಅದರಲ್ಲೂ ಬೆಸುಗೆಯ ಜಾಗದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು ಉಳಿದೇ ಉಳಿಯುತ್ತವೆ. ಅಲ್ಲಿ ನೀರು ನೇರ ಕಬ್ಬಿಣಕ್ಕೆ ತಾಗುತ್ತದೆ. ಆನೋಡ್ ರಾಡ್ ಮೆಗ್ನೀಸಿಯಂ ಅಥವಾ ಅಲ್ಯೂಮಿನಿಯಂನದು. ಈ ಲೋಹಗಳು ಕಬ್ಬಿಣಕ್ಕಿಂತ ಸುಲಭವಾಗಿ ಕರಗುತ್ತವೆ. ಒಂದೇ ನೀರಿನಲ್ಲಿ, ಲೋಹಕ್ಕೆ ಲೋಹ ತಾಗಿಕೊಂಡು ಎರಡೂ ಇದ್ದಾಗ, ರಾಡ್ ತಾನು ಸವೆದು ಕಬ್ಬಿಣ ಸವೆಯದಂತೆ ತಡೆಯುತ್ತದೆ. ರಾಡ್ ಇರುವಷ್ಟು ದಿನ ಟ್ಯಾಂಕ್ ಕ್ಷೇಮ. ರಾಡ್ ಪೂರ್ತಿ ಕರಗಿತು ಅಂದರೆ ಮುಂದಿನ ಸರದಿ ಟ್ಯಾಂಕಿನದು.

ನೀರು ಎಂಥದು ಅಂತ ಮೊದಲು ತಿಳಿದುಕೊಳ್ಳಿ

ಎಷ್ಟು ದಿನಕ್ಕೊಮ್ಮೆ ಬಿಚ್ಚಬೇಕು ಅನ್ನುವುದು ನೀರಿನ ಗಡಸುತನದ ಮೇಲೆ ಹೋಗುತ್ತದೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬನೇಟ್ ಕರಗಿರುತ್ತದೆ. ಕಾಯಿಸಿದಾಗ ಅದು ಒಡೆದು ಕ್ಯಾಲ್ಸಿಯಂ ಕಾರ್ಬನೇಟ್, ಅಂದರೆ ಸುಣ್ಣದ ಕಲ್ಲಿನ ಪದಾರ್ಥವೇ, ಬಿಳಿ ಪದರವಾಗಿ ಕೂರುತ್ತದೆ. ಜಾಸ್ತಿ ಬಿಸಿ ಇರುವ ಕಡೆಯೇ ಜಾಸ್ತಿ ಕೂರುವುದು, ಅಂದರೆ ಕಾಯಿಲ್ ಮೇಲೆ.

ಒಂದು ಲೀಟರ್ ನೀರಿನಲ್ಲಿ ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಲ್ಲಿ 60 ಮಿಲಿಗ್ರಾಂವರೆಗೆ ಇದ್ದರೆ ಮೆದು ನೀರು, 120 ದಾಟಿದರೆ ಗಡಸು, 180 ದಾಟಿದರೆ ತೀರಾ ಗಡಸು ಅಂತ ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಇದನ್ನು ಅಳೆಯುವ ಸಣ್ಣ ಪರೀಕ್ಷಾ ಪಟ್ಟಿಗಳು ಸಿಗುತ್ತವೆ. ಟಿಡಿಎಸ್ ಮೀಟರ್ ಹಿಡಿದು ಗಡಸುತನ ಹೇಳುವವರನ್ನು ಪೂರ್ತಿ ನಂಬಬೇಡಿ. ಅದು ಕರಗಿದ ಎಲ್ಲ ಲವಣಗಳನ್ನೂ ಒಟ್ಟಿಗೆ ತೋರಿಸುತ್ತದೆ. ಅಡುಗೆ ಉಪ್ಪು ಹಾಕಿದರೂ ಅದರ ಅಂಕಿ ಏರುತ್ತದೆ, ಆದರೆ ಆ ಉಪ್ಪಿನಿಂದ ಕಾಯಿಲ್ ಮೇಲೆ ಕಲ್ಲು ಕಟ್ಟುವುದಿಲ್ಲ.

ಪರೀಕ್ಷೆ ಮಾಡದಿದ್ದರೂ ಅಂದಾಜು ಸಿಗುತ್ತದೆ. ನಲ್ಲಿಯ ತುದಿಯಲ್ಲಿ, ಶವರ್ ತೂತುಗಳಲ್ಲಿ ಬಿಳಿ ಗಟ್ಟಿ ಕಟ್ಟಿದೆಯಾ? ಸೋಪು ಸರಿಯಾಗಿ ನೊರೆ ಬರುವುದಿಲ್ಲವಾ? ಹಾಗಾದರೆ ವರ್ಷಕ್ಕೊಮ್ಮೆ ಬಿಚ್ಚಲೇಬೇಕು. ನೀರು ತೀರಾ ಗಡಸಾದರೆ ಆರು ತಿಂಗಳಿಗೊಮ್ಮೆ. ಮೆದು ನೀರಿನ ಮನೆಯಲ್ಲಿ ಎರಡು ವರ್ಷಕ್ಕೊಮ್ಮೆ ನೋಡಿದರೂ ನಡೆಯುತ್ತದೆ. ನೀರಿನ ಗಡಸುತನ ಇಳಿಸುವ ಸಾಫ್ಟ್‌ನರ್ ಹಾಕಿಸಿದವರಿಗೆ ಒಂದು ಮಾತು: ಸುಣ್ಣ ಕಟ್ಟುವುದು ಕಡಿಮೆಯಾಗುತ್ತದೆ ನಿಜ, ಆದರೆ ಆನೋಡ್ ರಾಡ್ ಬೇಗ ಕರಗಬಹುದು. ಸಾಫ್ಟ್‌ನರ್ ಇದೆ ಅಂತ ಬಿಚ್ಚಿ ನೋಡುವುದನ್ನು ಬಿಡಬೇಡಿ.

ಬಿಚ್ಚುವ ಮುಂಚೆ

ಗೀಸರ್ ಇನ್ನೂ ವಾರಂಟಿಯಲ್ಲಿದ್ದರೆ ಕಾರ್ಡ್ ಓದಿ. ಬೇರೆಯವರು ಬಿಚ್ಚಿದರೆ ವಾರಂಟಿ ಹೋಗುತ್ತದೆ ಅಂತ ಬರೆದಿದ್ದರೆ ಕಂಪನಿಯವರನ್ನೇ ಕರೆಸಿ, ಆದರೆ ಪಕ್ಕದಲ್ಲಿ ನಿಂತು ಆನೋಡ್ ರಾಡ್ ತೋರಿಸಿ ಅಂತ ಕೇಳಿ. ಸರ್ವಿಸ್ ಅಂತ ಬಂದು ಹೊರಗೆ ಒರೆಸಿ, ನೀರು ಬಿಸಿಯಾಗುತ್ತಿದೆ ನೋಡಿ ಅಂತ ಹೇಳಿ ಹೋಗುವುದು ಸರ್ವಿಸ್ ಅಲ್ಲ.

ನೀವೇ ಮಾಡುವುದಾದರೆ ಇಷ್ಟು ತೆಗೆದಿಟ್ಟುಕೊಳ್ಳಿ: ಸ್ಪ್ಯಾನರ್ ಸೆಟ್, ಸ್ಕ್ರೂಡ್ರೈವರ್, ಟೆಸ್ಟರ್, ಇದ್ದರೆ ಮಲ್ಟಿಮೀಟರ್, ಟೆಫ್ಲಾನ್ ಟೇಪ್, ಎರಡು ಬಕೆಟ್, ಹಳೆಯ ಟೂತ್‌ಬ್ರಷ್. ಜೊತೆಗೆ ನಿಮ್ಮ ಮಾಡೆಲ್‌ಗೆ ಸರಿಯಾದ ಹೊಸ ಗ್ಯಾಸ್ಕೆಟ್ ಮತ್ತು ಹೊಸ ಆನೋಡ್ ರಾಡ್. ಇವೆರಡನ್ನೂ ಮೊದಲೇ ತಂದಿಟ್ಟುಕೊಳ್ಳುವುದು ಒಳ್ಳೆಯದು. ಬಿಚ್ಚಿದ ಮೇಲೆ ಹುಡುಕಲು ಹೊರಟರೆ ಅವತ್ತು ಮನೆಯವರಿಗೆಲ್ಲ ತಣ್ಣೀರೇ ಗತಿ.

ಕರೆಂಟಿನ ವಿಷಯದಲ್ಲಿ ಸದರ ಬೇಡ. ಸ್ವಿಚ್ ಆರಿಸಿದರೆ ಸಾಲದು. ಸ್ವಿಚ್ ಸಾಮಾನ್ಯವಾಗಿ ಒಂದು ತಂತಿಯನ್ನಷ್ಟೇ ಕಡಿಯುತ್ತದೆ. ವೈರಿಂಗ್ ಮಾಡಿದವರು ಫೇಸ್ ಮತ್ತು ನ್ಯೂಟ್ರಲ್ ಅದಲು ಬದಲು ಮಾಡಿದ್ದರೆ, ಸ್ವಿಚ್ ಆರಿಸಿದಾಗಲೂ ಒಳಗೆ ಕರೆಂಟ್ ಇರುತ್ತದೆ. ಪ್ಲಗ್ ಕಿತ್ತುಹಾಕಿ. ಪ್ಲಗ್ ಇಲ್ಲದೆ ನೇರ ಜೋಡಿಸಿದ್ದರೆ ಮನೆಯ ಕರೆಂಟ್ ಬೋರ್ಡಿನಲ್ಲಿ ಅದರ ಎಂಸಿಬಿ ಸ್ವಿಚ್ ಕೆಳಗೆ ಮಾಡಿ, ಕವರ್ ತೆಗೆದ ಮೇಲೆ ಕೈ ಹಾಕುವ ಮುಂಚೆ ಟೆಸ್ಟರ್ ಹಿಡಿದು ನೋಡಿ. ಆ ಟೆಸ್ಟರ್ ಕೆಲಸ ಮಾಡುತ್ತಿದೆಯಾ ಅಂತ ಮೊದಲು ಕರೆಂಟ್ ಇರುವ ಬೇರೆ ಕಡೆ ಹಿಡಿದು ನೋಡಿರಬೇಕು.

ಬಿಚ್ಚಿ, ತೊಳೆದು, ಮತ್ತೆ ಹಾಕುವುದು

1. ಕರೆಂಟ್ ತೆಗೆದ ಮೇಲೆ ಬಿಸಿನೀರಿನ ನಲ್ಲಿ ತಿರುಗಿಸಿ ಬಿಡಿ. ನೀರು ಪೂರ್ತಿ ತಣ್ಣಗಾಗುವ ತನಕ ಹರಿಯಲಿ, ಬಕೆಟ್‌ನಲ್ಲಿ ಹಿಡಿದುಕೊಂಡರೆ ಬಳಕೆಗೆ ಆಗುತ್ತದೆ. ಬಿಸಿ ಟ್ಯಾಂಕನ್ನು ಯಾವತ್ತೂ ಬಿಚ್ಚಬಾರದು.

2. ಗೀಸರ್‌ಗೆ ಹೋಗುವ ತಣ್ಣೀರಿನ ಆಂಗಲ್ ಕಾಕ್, ಅಂದರೆ ಗೋಡೆಯಲ್ಲಿರುವ ಸಣ್ಣ ನಲ್ಲಿ, ಮುಚ್ಚಿ. ಬಿಸಿನೀರಿನ ನಲ್ಲಿ ತೆರೆದೇ ಇರಲಿ, ಒಳಗಿನ ಒತ್ತಡ ಇಳಿಯುತ್ತದೆ. ನೀರು ನಿಂತಿತು ಅಂದರೆ ಟ್ಯಾಂಕ್ ಖಾಲಿಯಾಯಿತು ಅಂತಲ್ಲ. ಮೇಲೆ ಹೇಳಿದ ಹಾಗೆ ಬಿಸಿನೀರಿನ ಪೈಪಿನ ಬಾಯಿ ಟ್ಯಾಂಕಿನ ಮೇಲ್ಭಾಗದಲ್ಲಿದೆ, ಒಳಗೆ ಟ್ಯಾಂಕ್ ತುಂಬಾ ನೀರಿದೆ.

3. ಎರಡೂ ಕನೆಕ್ಷನ್ ಪೈಪುಗಳನ್ನು ಬಿಚ್ಚಿ, ಕೆಳಗೆ ಬಕೆಟ್ ಇಟ್ಟು. ತಣ್ಣೀರಿನ ಕಡೆಯಿಂದ ನೀರು ಇಳಿಯುತ್ತದೆ, ಬಿಸಿನೀರಿನ ಕಡೆಯಿಂದ ಗಾಳಿ ಒಳಗೆ ಹೋಗುತ್ತದೆ. ತಣ್ಣೀರಿನ ಕಡೆ ಸೇಫ್ಟಿ ವಾಲ್ವ್ ಇದ್ದರೆ ಅದು ನೀರನ್ನು ಹಿಂದಕ್ಕೆ ಬಿಡುವುದಿಲ್ಲ, ಅದನ್ನೂ ಬಿಚ್ಚಬೇಕು. ವಾಲ್ವ್‌ಗೆ ಲಿವರ್ ಇದ್ದರೆ ಎತ್ತಿಹಿಡಿದೂ ಖಾಲಿ ಮಾಡಬಹುದು, ಆದರೆ ನಿಧಾನ. 25 ಲೀಟರ್ ಗೀಸರ್ ಅಂದರೆ 25 ಕೆಜಿ ನೀರು, ಬಕೆಟ್ ಸಾಲದಿದ್ದರೆ ಪೈಪು ಸಿಕ್ಕಿಸಿ ಮೋರಿಗೆ ಬಿಡಿ.

4. ಕೆಳಗಿನ ಕವರ್ ತೆಗೆಯಿರಿ. ವೈರ್ ಬಿಚ್ಚುವ ಮುಂಚೆ ಮೊಬೈಲ್‌ನಲ್ಲಿ ಎರಡು ಮೂರು ಫೋಟೋ ಹೊಡೆದುಕೊಳ್ಳಿ. ಯಾವ ವೈರ್ ಎಲ್ಲಿತ್ತು ಅನ್ನುವುದು ಆಮೇಲೆ ಖಂಡಿತ ಗೊಂದಲವಾಗುತ್ತದೆ. ಹಾಗೇ ವೈರಿನ ತುದಿಗಳನ್ನು ನೋಡಿ. ಕಪ್ಪಾಗಿದ್ದರೆ, ಪ್ಲಾಸ್ಟಿಕ್ ಕರಗಿದ್ದರೆ, ಅಲ್ಲಿ ಸಡಿಲವಾಗಿ ಬಿಸಿಯಾಗುತ್ತಿದೆ ಅಂತ ಅರ್ಥ. ಆ ತುದಿಯನ್ನು ಕತ್ತರಿಸಿ ಹೊಸ ಲಗ್, ಅಂದರೆ ವೈರಿಗೆ ಒತ್ತಿ ಕೂರಿಸುವ ಲೋಹದ ತುದಿ, ಹಾಕಬೇಕು.

5. ಫ್ಲ್ಯಾಂಜ್ ನಟ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ, ಎಲ್ಲವನ್ನೂ ಸಮನಾಗಿ ಸಡಿಲಿಸಿ. ತಳದಲ್ಲಿ ಉಳಿದ ಕೆಸರು ನೀರು ಒಮ್ಮೆಗೇ ಸುರಿಯುತ್ತದೆ, ಮುಖವನ್ನು ಅದರ ಕೆಳಗೆ ಇಟ್ಟುಕೊಳ್ಳಬೇಡಿ. ಫ್ಲ್ಯಾಂಜ್ ಅಂಟಿಕೊಂಡಿದ್ದರೆ ನಿಧಾನಕ್ಕೆ ಅಲ್ಲಾಡಿಸಿ ಬಿಡಿಸಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಗಾಜಿನ ಲೇಪ ಚಕ್ಕೆ ಏಳುತ್ತದೆ, ಟ್ಯಾಂಕ್ ಉಳಿಸಲು ಹೋಗಿ ನಾವೇ ಕೆಡಿಸಿದ ಹಾಗೆ.

ಈಗ ಕೈಯಲ್ಲಿ ಕಾಯಿಲ್ ಮತ್ತು ರಾಡ್ ಇದೆ. ರಾಡ್ ಮೊದಲು ನೋಡಿ. ಹೊಸದಿದ್ದಾಗ ನುಣ್ಣಗೆ ದುಂಡಗಿರುತ್ತದೆ. ಬಳಸಿದ್ದು ಗುಂಡಿ ಗುಂಡಿ ಬಿದ್ದು ತೆಳ್ಳಗಾಗಿರುತ್ತದೆ. ಇದರಲ್ಲಿ ಗಾಬರಿಯಾಗುವುದು ಏನೂ ಇಲ್ಲ, ಸವೆಯುವುದೇ ಅದರ ಕೆಲಸ. ವರ್ಷಗಟ್ಟಲೆ ಇದ್ದ ರಾಡ್ ಹೊಸದರ ಹಾಗೇ ಇದ್ದರೆ ಅನುಮಾನ ಪಡಬೇಕು, ಅದಕ್ಕೆ ಟ್ಯಾಂಕಿನ ಜೊತೆ ಸರಿಯಾಗಿ ಲೋಹದ ಸಂಪರ್ಕ ಇಲ್ಲದೆ ಇರಬಹುದು. ದಪ್ಪ ಅರ್ಧಕ್ಕಿಂತ ಕಡಿಮೆಯಾಗಿದ್ದರೆ, ಅಥವಾ ನಡುವಿನ ತಂತಿ ಎಲ್ಲಾದರೂ ಕಾಣುತ್ತಿದ್ದರೆ ಬದಲಾಯಿಸಿ. ಮಧ್ಯದಲ್ಲಿದ್ದರೆ ಏನು ಮಾಡುವುದು? ನನ್ನನ್ನು ಕೇಳಿದರೆ ಬದಲಾಯಿಸಿ ಅನ್ನುತ್ತೇನೆ. ಹೇಗೂ ಇಷ್ಟೆಲ್ಲ ಬಿಚ್ಚಿಯಾಗಿದೆ, ಗೀಸರ್‌ನ ಅಗ್ಗದ ಭಾಗಗಳಲ್ಲಿ ಇದೂ ಒಂದು.

ಕಾಯಿಲ್ ಮೇಲಿನ ಬಿಳಿ ಪದರವನ್ನು ಸುತ್ತಿಗೆಯಿಂದ ಬಡಿದು ಉದುರಿಸಬೇಡಿ. ಹೊರಗಿನ ಕೊಳವೆಗೆ ಕಣ್ಣಿಗೆ ಕಾಣದ ಬಿರುಕು ಬಿದ್ದರೂ ಸಾಕು, ನೀರು ಒಳಗೆ ಹೋಗಿ ಶಾಕ್ ಹೊಡೆಯಲು ದಾರಿಯಾಗುತ್ತದೆ. ಕಾಯಿಲ್ ಭಾಗ ಮಾತ್ರ ಮುಳುಗುವ ಹಾಗೆ ಬಿಳಿ ವಿನೆಗರ್‌ನಲ್ಲಿ, ಅಥವಾ ಬೆಚ್ಚಗಿನ ನೀರಿಗೆ ಸಿಟ್ರಿಕ್ ಆ್ಯಸಿಡ್ ಪುಡಿ ಕರಗಿಸಿ, ಕೆಲವು ಗಂಟೆ ಇಡಿ. ನೊರೆ ನೊರೆಯಾಗಿ ಗುಳ್ಳೆ ಏಳುತ್ತದೆ. ಅದು ಇಂಗಾಲದ ಡೈಆಕ್ಸೈಡ್, ಸುಣ್ಣ ಕರಗುತ್ತಿದೆ ಅನ್ನುವುದರ ಗುರುತು. ಗುಳ್ಳೆ ನಿಂತ ಮೇಲೆ ಬ್ರಷ್‌ನಲ್ಲಿ ತಿಕ್ಕಿ, ಚೆನ್ನಾಗಿ ತೊಳೆಯಿರಿ. ವೈರ್ ಜೋಡಿಸುವ ತುದಿಗಳು ಒದ್ದೆಯಾಗಬಾರದು. ಹಳೆಯ ಆನೋಡ್ ರಾಡನ್ನೇ ಮತ್ತೆ ಹಾಕುವುದಾದರೆ ಅದನ್ನು ಬಿಚ್ಚಿ ಪಕ್ಕಕ್ಕಿಡಿ, ಹುಳಿಯಲ್ಲಿ ಅದ್ದಿದರೆ ಮೆಗ್ನೀಸಿಯಂ ಕರಗಿಹೋಗುತ್ತದೆ. ಟಾಯ್ಲೆಟ್ ತೊಳೆಯುವ ಕಟು ಆ್ಯಸಿಡ್ ಮಾತ್ರ ಹತ್ತಿರಕ್ಕೂ ತರಬೇಡಿ. ಅದು ಸುಣ್ಣದ ಜೊತೆ ಲೋಹವನ್ನೂ ತಿನ್ನುತ್ತದೆ, ಹೊಗೆ ಬೇರೆ.

ಮಲ್ಟಿಮೀಟರ್ ಇದ್ದರೆ ಕಾಯಿಲ್ ಪರೀಕ್ಷೆ ಸುಲಭ. 230 ವೋಲ್ಟ್‌ಗೆ ಮಾಡಿದ 2000 ವಾಟ್ ಕಾಯಿಲ್ ಸುಮಾರು 26 ಓಮ್ ತೋರಿಸಬೇಕು, 3000 ವಾಟ್ ಕಾಯಿಲ್ ಸುಮಾರು 18 ಓಮ್. ಏನೂ ತೋರಿಸದಿದ್ದರೆ ಒಳಗೆ ತಂತಿ ತುಂಡಾಗಿದೆ. ಮೀಟರಿನ ಒಂದು ಕಡ್ಡಿ ಕಾಯಿಲ್ ತುದಿಗೂ ಇನ್ನೊಂದು ಹೊರಗಿನ ಲೋಹಕ್ಕೂ ಇಟ್ಟಾಗ ಯಾವ ಸಂಪರ್ಕವೂ ತೋರಿಸಬಾರದು. ತೋರಿಸಿದರೆ ಆ ಕಾಯಿಲ್ ಎಸೆಯುವುದೇ ಸರಿ. ಇದರಲ್ಲಿ ಪಾಸಾದ ಕಾಯಿಲ್ ಹಾಕಿದ ಮೇಲೂ ಕರೆಂಟ್ ಸೋರಿದರೆ ತಾನೇ ಕಡಿಯುವ ಆರ್‌ಸಿಸಿಬಿ ಸ್ವಿಚ್ ಬೀಳುತ್ತಿದ್ದರೆ, ಹೆಚ್ಚಿನ ವೋಲ್ಟೇಜಿನಲ್ಲಿ ಪರೀಕ್ಷಿಸುವ ಮೆಗ್ಗರ್ ಬೇಕಾಗುತ್ತದೆ. ಅದು ಎಲೆಕ್ಟ್ರಿಷಿಯನ್ ಕೆಲಸ.

6. ಟ್ಯಾಂಕಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ತಳದಲ್ಲಿ ಬಿದ್ದ ಸುಣ್ಣದ ಚಕ್ಕೆ, ಮರಳನ್ನು ಕೈಯಿಂದ ಅಥವಾ ಪ್ಲಾಸ್ಟಿಕ್ ಚಮಚದಿಂದ ತೆಗೆಯಿರಿ. ಕಬ್ಬಿಣದ ಸಲಕರಣೆ ಬೇಡ. ತಣ್ಣೀರಿನ ಪೈಪನ್ನು ತಾತ್ಕಾಲಿಕವಾಗಿ ಜೋಡಿಸಿ ಎರಡು ಸಲ ನೀರು ಬಿಟ್ಟರೆ ಉಳಿದದ್ದೂ ಇಳಿಯುತ್ತದೆ. ವೈರುಗಳನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿಟ್ಟುಕೊಂಡು ಮಾಡಿ.

7. ಹೊಸ ಗ್ಯಾಸ್ಕೆಟ್ ಹಾಕಿ. ಹಳೆಯದು ಚೆನ್ನಾಗಿ ಕಾಣುತ್ತಿದೆ ಅಂತ ಆಸೆ ಪಡಬೇಡಿ, ಒಮ್ಮೆ ಒತ್ತಿ ಕೂತ ರಬ್ಬರ್ ಎರಡನೇ ಸಲ ಹಾಗೆ ಕೂರುವುದಿಲ್ಲ. ನಟ್ಟುಗಳನ್ನು ಎದುರು ಬದುರಾಗಿ, ಅಂದರೆ ಒಂದು ಬಿಗಿದ ಮೇಲೆ ಅದರ ಎದುರಿನದು, ಹೀಗೆ ಸಮನಾಗಿ ಬಿಗಿಯಿರಿ.

8. ಪೈಪುಗಳನ್ನು ಟೆಫ್ಲಾನ್ ಟೇಪ್ ಸುತ್ತಿ ಜೋಡಿಸಿ, ಸೇಫ್ಟಿ ವಾಲ್ವ್ ಮರೆಯದೆ ಹಾಕಿ. ಬಿಸಿನೀರಿನ ನಲ್ಲಿ ತೆರೆದಿಟ್ಟು ಆಂಗಲ್ ಕಾಕ್ ಬಿಡಿ. ಮೊದಲು ಗಾಳಿ ಬರುತ್ತದೆ, ಆಮೇಲೆ ಉಗುಳಿ ಉಗುಳಿ ನೀರು, ಕೊನೆಗೆ ಒಂದೇ ಧಾರೆ. ಧಾರೆ ಸರಿಯಾಗುವ ತನಕ ಟ್ಯಾಂಕ್ ತುಂಬಿಲ್ಲ. ನಲ್ಲಿ ಮುಚ್ಚಿ, ಅರ್ಧ ಗಂಟೆ ಹಾಗೇ ಬಿಟ್ಟು ಫ್ಲ್ಯಾಂಜ್ ಸುತ್ತ ಒಣ ಕಾಗದ ಹಿಡಿದು ನೋಡಿ.

ಒಂದು ಹನಿಯೂ ಇಲ್ಲ ಅಂತಾದ ಮೇಲೆ ಫೋಟೋ ನೋಡಿಕೊಂಡು ವೈರ್ ಜೋಡಿಸಿ. ಹಸಿರು ಅರ್ಥ್ ವೈರನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಬಿಗಿಯಿರಿ. ಕವರ್ ಹಾಕಿ, ಆಮೇಲಷ್ಟೇ ಕರೆಂಟ್. ಖಾಲಿ ಟ್ಯಾಂಕಿಗೆ ಕರೆಂಟ್ ಕೊಟ್ಟರೆ ಹೊಸ ಕಾಯಿಲ್ ಕೂಡ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ. ಇವತ್ತಿನ ತಾರೀಕು, ಆನೋಡ್ ಬದಲಾಯಿಸಿದ್ದು, ಎರಡನ್ನೂ ಮಾರ್ಕರ್‌ನಲ್ಲಿ ಗೀಸರ್‌ನ ತಳದಲ್ಲೇ ಬರೆದುಬಿಡಿ.

ಸೇಫ್ಟಿ ವಾಲ್ವ್ ತೊಟ್ಟಿಕ್ಕಿದರೆ ಮುಚ್ಚಬೇಡಿ

ನೀರು ಕಾದಾಗ ಹಿಗ್ಗುತ್ತದೆ. 25 ಡಿಗ್ರಿಯ 25 ಲೀಟರ್ ನೀರು 60 ಡಿಗ್ರಿಗೆ ಬರುವಾಗ ಸುಮಾರು 350 ಮಿಲಿಲೀಟರ್ ಜಾಸ್ತಿಯಾಗುತ್ತದೆ. ನಲ್ಲಿ ಮುಚ್ಚಿದೆ, ತಣ್ಣೀರಿನ ಕಡೆ ಹಿಂದಕ್ಕೆ ಹೋಗದ ಹಾಗೆ ವಾಲ್ವ್ ಇದೆ. ಆ ನೀರು ಎಲ್ಲಿಗೆ ಹೋಗಬೇಕು? ಸೇಫ್ಟಿ ವಾಲ್ವ್‌ನಿಂದ ಹನಿ ಹನಿಯಾಗಿ ಹೊರಗೆ. ಹಾಗಾಗಿ ಕಾಯುವಾಗ ನಾಲ್ಕು ಹನಿ ಬಿದ್ದರೆ ವಾಲ್ವ್ ಕೆಟ್ಟಿಲ್ಲ, ಕೆಲಸ ಮಾಡುತ್ತಿದೆ. ನೆಲ ಒದ್ದೆಯಾಗುತ್ತದೆ ಅಂತ ಅದರ ಬಾಯಿಗೆ ಬಿರಡೆ ಹಾಕಿ ಮುಚ್ಚುವವರಿದ್ದಾರೆ. ಇದಕ್ಕಿಂತ ಅಪಾಯದ ಕೆಲಸ ಗೀಸರ್ ವಿಷಯದಲ್ಲಿ ಇನ್ನೊಂದಿಲ್ಲ. ಥರ್ಮೋಸ್ಟಾಟ್, ಕಟೌಟ್ ಎರಡೂ ಕೈಕೊಟ್ಟ ದಿನ ನೀರು ಒತ್ತಡದಲ್ಲೇ 100 ಡಿಗ್ರಿ ದಾಟಿ ಕಾಯುತ್ತದೆ. ಟ್ಯಾಂಕ್ ಬಿರಿದರೆ ಒತ್ತಡ ಒಮ್ಮೆಗೇ ಬಿದ್ದು ಆ ನೀರಿನ ಒಂದು ಪಾಲು ಕ್ಷಣದಲ್ಲಿ ಆವಿಯಾಗುತ್ತದೆ, ಆವಿಗೆ ನೀರಿನ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಜಾಗ ಬೇಕು. ತೊಂದರೆಯಾದರೆ ಬಾಯಿಗೆ ಸಣ್ಣ ಪೈಪು ಸಿಕ್ಕಿಸಿ ಮೋರಿಗೆ ಬಿಡಿ, ಪೈಪಿನ ತುದಿ ತೆರೆದಿರಲಿ.

ಗೀಸರ್ ಆರಿಸಿದ್ದಾಗಲೂ ಸುರಿಯುತ್ತಲೇ ಇದ್ದರೆ ಬೇರೆ ಕಾರಣ. ಒಂದೋ ವಾಲ್ವ್‌ನ ಸೀಟಿನಲ್ಲಿ ಕಸ ಸಿಕ್ಕಿದೆ, ಇಲ್ಲವೇ ನೀರಿನ ಒತ್ತಡ ಜಾಸ್ತಿ. ಹತ್ತು ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ತೀರಾ ಎತ್ತರದ ಕಟ್ಟಡವಲ್ಲದಿದ್ದರೆ ಮೇಲಿನ ಟ್ಯಾಂಕಿನಿಂದ ಇಳಿಯುವ ನೀರಿಗೆ ವಾಲ್ವ್ ತೆರೆಯುವಷ್ಟು ಒತ್ತಡ ಇರುವುದಿಲ್ಲ. ಪ್ರೆಷರ್ ಪಂಪ್ ಅಥವಾ ನೇರ ಪೈಪ್‌ಲೈನ್ ಇದ್ದರೆ ಒತ್ತಡ ಅಳೆಸಿ, ಬೇಕಾದರೆ ಒತ್ತಡ ತಗ್ಗಿಸುವ ವಾಲ್ವ್ ಹಾಕಿಸಿ.

ಎರಡು ಮೂರು ತಿಂಗಳಿಗೊಮ್ಮೆ ವಾಲ್ವ್‌ನ ಲಿವರ್ ಎತ್ತಿ ಬಿಡಿ. ನೀರು ಚಿಮ್ಮಬೇಕು, ಬಿಟ್ಟಾಗ ನಿಲ್ಲಬೇಕು. ಬಿಸಿನೀರು ಬರಬಹುದು, ಕೈ ದೂರ ಇರಲಿ. ಚಿಮ್ಮದಿದ್ದರೆ ಸುಣ್ಣ ಕಟ್ಟಿ ಅಂಟಿಕೊಂಡಿದೆ, ಹೊಸದು ಹಾಕಿಸಿ.

ಎಷ್ಟು ಬಿಸಿಗೆ ಇಡಬೇಕು

ಥರ್ಮೋಸ್ಟಾಟನ್ನು ಕೊನೆಯವರೆಗೆ ತಿರುಗಿಸಿಡುವುದು ಸುಮ್ನೆ ನಷ್ಟ. 60 ಡಿಗ್ರಿ ದಾಟಿದಂತೆ ಸುಣ್ಣ ಬೇಗ ಕಟ್ಟುತ್ತದೆ, ರಾಡ್ ಬೇಗ ಕರಗುತ್ತದೆ, ಕರೆಂಟೂ ಹೋಗುತ್ತದೆ. ಹಾಗಂತ 40 ಡಿಗ್ರಿಗೆ ಇಟ್ಟರೂ ಸರಿಯಲ್ಲ. ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿಯ ನಡುವೆ ಚೆನ್ನಾಗಿ ಬೆಳೆಯುತ್ತದೆ. ಶವರ್‌ನ ತುಂತುರಿನ ಜೊತೆ ಉಸಿರಿಗೆ ಸೇರಿದರೆ ನ್ಯುಮೋನಿಯಾ ತರಬಲ್ಲದು. 60 ಡಿಗ್ರಿಯಲ್ಲಿ ಅದು ಸಾಯುತ್ತದೆ. ಆದ್ದರಿಂದ ಟ್ಯಾಂಕಿನಲ್ಲಿ 60 ಡಿಗ್ರಿ, ಮೈಗೆ ಬೀಳುವಾಗ ತಣ್ಣೀರು ಬೆರೆಸಿಕೊಂಡು, ಇದೇ ಸರಿಯಾದ ಕ್ರಮ. 60 ಡಿಗ್ರಿಯ ನೀರು ನೇರ ಬಿದ್ದರೆ ಐದಾರು ಸೆಕೆಂಡಿನಲ್ಲೇ ಚರ್ಮ ಆಳವಾಗಿ ಸುಡುತ್ತದೆ, ಮಕ್ಕಳಿಗೆ ಇನ್ನೂ ಬೇಗ. ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ತಾನೇ ಹದಕ್ಕೆ ಬೆರೆಸಿ ಕೊಡುವ ಮಿಕ್ಸಿಂಗ್ ವಾಲ್ವ್ ಹಾಕಿಸುವುದು ಒಳ್ಳೆಯದು.

ಗೀಸರ್ ದಿನವಿಡೀ ಆನ್ ಇಟ್ಟರೆ ಕರೆಂಟ್ ಉಳಿಯುತ್ತದೆ ಅನ್ನುವ ಮಾತು ಆಗಾಗ ಕೇಳಿಬರುತ್ತದೆ. ಸುಳ್ಳು. ನೀರು ಬಿಸಿಯಾಗಿದ್ದಷ್ಟು ಹೊತ್ತೂ ಶಾಖ ಸೋರುತ್ತಲೇ ಇರುತ್ತದೆ, ತಣ್ಣಗಾದ ಮೇಲೆ ಸೋರುವುದು ಕಡಿಮೆ. 15 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ತರಲು 2000 ವಾಟ್ ಕಾಯಿಲ್‌ಗೆ ಬೇಕಾಗುವುದು 18ರಿಂದ 20 ನಿಮಿಷ. ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಹಾಕಿದರೆ ಸಾಕಲ್ವಾ? ಈ ಲೆಕ್ಕ ಇನ್ನೊಂದಕ್ಕೂ ಉಪಯೋಗ. ಮೊದಲು 20 ನಿಮಿಷಕ್ಕೆ ಆರುತ್ತಿದ್ದ ದೀಪ, ಅದೇ ಹವೆಯಲ್ಲಿ, ಈಗ ಅರ್ಧ ಗಂಟೆಯಾದರೂ ಆರದಿದ್ದರೆ ವೋಲ್ಟೇಜ್ ಕಡಿಮೆಯಾಗಿದೆ ಅಥವಾ ಕಾಯಿಲ್, ಥರ್ಮೋಸ್ಟಾಟ್ ನೋಡಿಸಬೇಕಾಗಿದೆ.

ಗೀಸರ್ ಕೊಡುವ ಸೂಚನೆಗಳು

ಕಾಯುವಾಗ ಒಳಗೆ ಟಪಟಪ ಸದ್ದು ಬಂದರೆ ಸುಣ್ಣದ ಪದರದ ಕೆಳಗೆ ನೀರು ಸಿಕ್ಕಿ ಕುದಿಯುತ್ತಿದೆ. ಬಿಚ್ಚಿ ತೊಳೆಯುವ ಹೊತ್ತು. ಬಿಸಿನೀರು ಮಾತ್ರ ಕೆಂಪಗೆ ಬಂದರೆ ಟ್ಯಾಂಕಿನಲ್ಲಿ ತುಕ್ಕು, ರಾಡ್ ಮುಗಿದಿರಬಹುದು. ತಣ್ಣೀರೂ ಕೆಂಪಗಿದ್ದರೆ ತಪ್ಪು ಗೀಸರ್‌ನದಲ್ಲ.

ಬಿಸಿನೀರು ಕೊಳೆತ ಮೊಟ್ಟೆಯ ಹಾಗೆ ನಾರಿದರೆ, ನೀರಿನಲ್ಲಿರುವ ಸಲ್ಫೇಟನ್ನು ಕೆಲವು ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಮಾಡುತ್ತಿವೆ. ಮೆಗ್ನೀಸಿಯಂ ರಾಡ್ ಇದ್ದರೆ ಅದು ಹೆಚ್ಚು. ಹಾಗಂತ ರಾಡನ್ನೇ ಕಿತ್ತುಹಾಕುವವರಿದ್ದಾರೆ. ವಾಸನೆ ಹೋಗುತ್ತದೆ, ಹಿಂದೆಯೇ ಟ್ಯಾಂಕೂ ಹೋಗುತ್ತದೆ. ಒಮ್ಮೆ ನೀರನ್ನು 60 ಡಿಗ್ರಿ ಮೇಲೆ ಕಾಯಿಸಿ ಪೂರ್ತಿ ಹರಿಸಿ, ಆಮೇಲೂ ಬಂದರೆ ಸತು ಬೆರೆಸಿದ ಅಲ್ಯೂಮಿನಿಯಂ ರಾಡ್ ಹಾಕಿಸಿ ನೋಡಿ.

ತಣ್ಣೀರು ಜೋರಾಗಿದೆ, ಬಿಸಿನೀರು ಮಾತ್ರ ಸಣ್ಣಗೆ ಅಂದರೆ ಪೈಪಿನಲ್ಲಿ ಅಥವಾ ಸೇಫ್ಟಿ ವಾಲ್ವ್‌ನಲ್ಲಿ ಸುಣ್ಣ ಕಟ್ಟಿದೆ. ಬೇಗ ತಣ್ಣಗಾಗುತ್ತಿದ್ದರೆ ಗೀಸರ್ ಬೈಯುವ ಮುಂಚೆ ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಯನ್ನು ನೋಡಿ. ಅದರ ಒಳಗೆ ಸವೆದಿದ್ದರೆ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ಗೀಸರ್‌ನ ಆಂಗಲ್ ಕಾಕ್ ಮುಚ್ಚಿ ಬಿಸಿನೀರಿನ ಕಡೆಯ ನಲ್ಲಿ ತೆರೆಯಿರಿ. ಆಗಲೂ ನೀರು ಬರುತ್ತಲೇ ಇದ್ದರೆ ಎಲ್ಲೋ ತಣ್ಣೀರು ಸೇರುತ್ತಿದೆ.

ಕಟೌಟ್ ಬಿದ್ದು ಗೀಸರ್ ನಿಂತಿದ್ದರೆ ಒಮ್ಮೆ ರೀಸೆಟ್ ಒತ್ತಬಹುದು. ಮತ್ತೆ ಬಿದ್ದರೆ ಒತ್ತಬೇಡಿ, ಥರ್ಮೋಸ್ಟಾಟ್ ಅಂಟಿಕೊಂಡಿರಬಹುದು. ಕಟೌಟನ್ನು ಬೈಪಾಸ್ ಮಾಡಿ ಓಡಿಸಿಕೊಡುತ್ತೇನೆ ಅನ್ನುವ ಮೆಕ್ಯಾನಿಕ್‌ಗೆ ಬಾಗಿಲು ತೋರಿಸಿ.

ನಲ್ಲಿ ಮುಟ್ಟಿದಾಗ ಸಣ್ಣಗೆ ಜುಮ್ ಅಂದರೂ ಗೀಸರ್ ಆರಿಸಿ ಎಲೆಕ್ಟ್ರಿಷಿಯನ್ ಕರೆಸಿ. ಕಾಯಿಲ್‌ನಿಂದ ಕರೆಂಟ್ ಸೋರುತ್ತಿದೆ, ಅರ್ಥಿಂಗೂ ಸರಿಯಿಲ್ಲ, ಸಾಮಾನ್ಯವಾಗಿ ಎರಡೂ ಸೇರಿದಾಗ ಹೀಗಾಗುವುದು. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಗೀಸರ್ ಓಡಿಸುವುದು ನನಗಂತೂ ಒಪ್ಪಿಗೆಯಿಲ್ಲ. ಅದರ ಟೆಸ್ಟ್ ಬಟನ್ ಕೂಡ ಆಗಾಗ ಒತ್ತಿ ನೋಡಿ. 3000 ವಾಟ್ ಗೀಸರ್ 13 ಆಂಪಿಯರ್ ಎಳೆಯುತ್ತದೆ, ಸಣ್ಣ ಸಾಕೆಟ್ ಅಥವಾ ಎಕ್ಸ್‌ಟೆನ್ಷನ್ ಬೋರ್ಡ್ ಅದಕ್ಕೆ ತಾಳುವುದಿಲ್ಲ. ಪ್ಲಗ್ ಮುಟ್ಟಿದಾಗ ಸುಡುತ್ತಿದ್ದರೆ ಸಾಕೆಟ್ ಬದಲಾಯಿಸಿ.

ಬೇರೆ ಬಗೆಯವು

ನೆಲದ ಮೇಲೆ ನಿಲ್ಲುವ ದೊಡ್ಡ ಟ್ಯಾಂಕಿಗೆ ತಳದಲ್ಲಿ ಡ್ರೈನ್ ಕಾಕ್ ಇರುತ್ತದೆ. ಕರೆಂಟ್ ತೆಗೆದು, ನೀರು ತಣಿದ ಮೇಲೆ ತಣ್ಣೀರು ಮುಚ್ಚಿ, ಅದಕ್ಕೆ ಪೈಪು ಸಿಕ್ಕಿಸಿ ಬಿಡಿ. ಗಾಳಿ ಹೋಗಲು ಎಲ್ಲಾದರೂ ಒಂದು ಬಿಸಿನೀರಿನ ನಲ್ಲಿ ತೆರೆದಿರಬೇಕು. ಖಾಲಿಯಾದ ಮೇಲೆ ತಣ್ಣೀರನ್ನು ಆಗಾಗ ಜೋರಾಗಿ ಬಿಟ್ಟು ನಿಲ್ಲಿಸಿದರೆ ತಳದ ಮಡ್ಡಿ ಕದಡಿ ಬರುತ್ತದೆ. ತಿಳಿ ನೀರು ಬರುವವರೆಗೆ ಮಾಡಿ. ವರ್ಷಗಟ್ಟಲೆ ಮುಟ್ಟದ ಪ್ಲಾಸ್ಟಿಕ್ ಕಾಕ್ ಮುರಿಯುವುದುಂಟು, ಬಲ ಹಾಕಬೇಡಿ.

ಇನ್‌ಸ್ಟಂಟ್ ಗೀಸರ್‌ನಲ್ಲಿ ನೀರು ಕಡಿಮೆ, ಕಾಯಿಲ್ ದೊಡ್ಡದು. ನೀರಿಲ್ಲದೆ ಹಾಕಿದರೆ ಬೇಗ ಸುಡುತ್ತದೆ, ಗಡಸು ನೀರಿಗೆ ಅದು ಅಷ್ಟು ಹೊಂದುವುದಿಲ್ಲ. ಸೋಲಾರ್‌ನಲ್ಲಿ ಗಾಜಿನ ಧೂಳು ಒರೆಸುವುದು, ಟ್ಯೂಬ್‌ಗಳ ಸುಣ್ಣ ತೆಗೆಸುವುದು, ಗಾಳಿ ಹೋಗುವ ಪೈಪು ಮುಚ್ಚಿಹೋಗಿಲ್ಲವೇ ನೋಡುವುದು, ಇಷ್ಟೇ. ಅದರ ಟ್ಯಾಂಕಿಗೂ ಆನೋಡ್ ಇರುತ್ತದೆಯೇ ಅಂತ ಕೇಳಿ.

ಗ್ಯಾಸ್ ಗೀಸರ್ ವಿಷಯವೇ ಬೇರೆ. ಅಲ್ಲಿ ಟ್ಯಾಂಕಿಗಿಂತ ಮೊದಲು ನಿಮ್ಮ ಜೀವದ ಪ್ರಶ್ನೆ. ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಎಚ್ಚರ ತಪ್ಪುತ್ತದೆ. ಆದ್ದರಿಂದ ಗ್ಯಾಸ್ ಗೀಸರ್ ಬಚ್ಚಲುಮನೆಯ ಒಳಗೆ ಇರಲೇಬಾರದು. ಕಿಟಕಿ ತೆರೆದಿಡುತ್ತೇವೆ ಅನ್ನುವುದು ಉತ್ತರವಲ್ಲ, ಚಳಿಯಲ್ಲಿ ಯಾರಾದರೂ ಮುಚ್ಚೇ ಮುಚ್ಚುತ್ತಾರೆ. ಜ್ವಾಲೆ ನೀಲಿಯಾಗಿರಬೇಕು. ಹಳದಿಯಾಗಿದ್ದರೆ, ಮೇಲೆ ಮಸಿ ಹಿಡಿದಿದ್ದರೆ ಬಳಕೆ ನಿಲ್ಲಿಸಿ ಬರ್ನರ್ ತೊಳೆಸಿ. ಹೊಗೆ ಕೊಳವೆಯಲ್ಲಿ ಹಕ್ಕಿ ಗೂಡು, ಜೇಡರ ಬಲೆ ಕಟ್ಟಿಲ್ಲವೇ ನೋಡಿ. ಗ್ಯಾಸ್ ಪೈಪಿನ ಜೋಡಣೆಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಬಂದರೆ ಸೋರುತ್ತಿದೆ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಹಾಕಿಸಿಕೊಳ್ಳಿ. ಬರ್ನರ್ ಒಳಗಿನ ಕೆಲಸಕ್ಕೆ ನೀವೇ ಕೈ ಹಾಕಬೇಡಿ, ವರ್ಷಕ್ಕೊಮ್ಮೆ ಬಲ್ಲವರಿಂದ ಮಾಡಿಸಿ.

ಮನೆ ಬೀಗ ಹಾಕಿ ಹೋಗುವಾಗ

ಕೆಲವು ದಿನವಾದರೆ ಕರೆಂಟ್ ಆರಿಸಿ, ಆಂಗಲ್ ಕಾಕ್ ಮುಚ್ಚಿ ಹೋಗಿ. ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವ ಕಡೆಯಾದರೆ ಟ್ಯಾಂಕ್ ಖಾಲಿ ಮಾಡಲೇಬೇಕು.

ವಾರಗಟ್ಟಲೆ ಬಳಸದ ಟ್ಯಾಂಕಿನಲ್ಲಿ ಆನೋಡ್ ರಾಡ್ ಕರಗುವಾಗ ಹುಟ್ಟಿದ ಹೈಡ್ರೋಜನ್ ಮೇಲ್ಭಾಗದಲ್ಲಿ ಸೇರಿಕೊಂಡಿರಬಹುದು. ಅದು ಉರಿಯುವ ಅನಿಲ. ವಾಪಸ್ ಬಂದ ಮೇಲೆ ಗೀಸರ್ ಹಾಕುವ ಮುಂಚೆ ಕಿಟಕಿ ತೆರೆದು, ಹತ್ತಿರ ಬೆಂಕಿ ಏನೂ ಇಲ್ಲದ ಹಾಗೆ ನೋಡಿಕೊಂಡು, ಬಿಸಿನೀರಿನ ನಲ್ಲಿಯನ್ನು ಕೆಲವು ನಿಮಿಷ ಬಿಡಿ. ಮೊದಲಿಗೆ ಪುಸ್ ಪುಸ್ ಅಂತ ಗಾಳಿ ಬರಬಹುದು. ನಿಂತ ನೀರೆಲ್ಲ ಹೋಗಲಿ. ಆಮೇಲೆ 60 ಡಿಗ್ರಿಗೆ ಪೂರ್ತಿ ಒಮ್ಮೆ ಕಾಯಿಸಿ, ದೀಪ ಆರಿದ ಮೇಲೆ ಶವರ್ ಬಳಸಿ.

ಯಾವಾಗ ಕೈಬಿಡಬೇಕು

ಕೆಳಗೆ ನೀರು ತೊಟ್ಟಿಕ್ಕುತ್ತಿದ್ದರೆ ಎಲ್ಲಿಂದ ಅಂತ ನೋಡಿ ತೀರ್ಮಾನಿಸಿ. ಪೈಪಿನ ಜೋಡಣೆ ಒದ್ದೆಯಾಗಿದ್ದರೆ ಟೇಪ್ ಸುತ್ತಿದರೆ ಮುಗಿಯಿತು. ಫ್ಲ್ಯಾಂಜ್ ಸುತ್ತ ಒದ್ದೆಯಾಗಿದ್ದರೆ ಗ್ಯಾಸ್ಕೆಟ್. ಎರಡೂ ಒಣಗಿದ್ದು, ಕವಚದ ಅಂಚಿನಿಂದ ಅಥವಾ ಫೋಮ್ ಒಳಗಿನಿಂದ ಕೆಂಪು ನೀರು ಇಳಿಯುತ್ತಿದ್ದರೆ ಟ್ಯಾಂಕೇ ತೂತಾಗಿದೆ. ಅದಕ್ಕೆ ಮತ್ತೆ ದುಡ್ಡು ಹಾಕಬೇಡಿ, ಅವತ್ತೇ ಕರೆಂಟ್ ಮತ್ತು ನೀರು ಎರಡನ್ನೂ ಮುಚ್ಚಿ.

ಹೊಸದು ಹಾಕಿಸುವಾಗ ಅದರ ಕೆಳಗೆ ಫ್ಲ್ಯಾಂಜ್ ಬಿಚ್ಚಿ ಕಾಯಿಲ್ ಮತ್ತು ರಾಡ್ ಉದ್ದಕ್ಕೂ ಇಳಿಸಲು ಜಾಗ ಬಿಡಿಸಿ. ಫಾಲ್ಸ್ ಸೀಲಿಂಗ್ ಒಳಗೆ ಸಿಕ್ಕಿಸಿದ ಗೀಸರನ್ನು ಆಮೇಲೆ ಯಾರೂ ಬಿಚ್ಚುವುದಿಲ್ಲ.